ಐದನೇ ಹಾಡು ಮುಗಿಯುವವರೆಗೆ

ಸಾಬಮ್ಮನ ಮೆಚ್ಚಿನ ಹಾಡುಗಳು ಐದು. ವಾಡಿಯ ಮಹೆವಿಶ ಎಂಬ ಹುಡುಗಿ ಇದುವರೆಗೆ ಹತ್ತೊಂಬತ್ತು ರ‍್ಯಾಪ್ ಹಾಡು ಬಿಟ್ಟಿದ್ದಾಳೆ. ಹತ್ತೊಂಬತ್ತೂ ಸಾಬಮ್ಮನಿಗೆ ಬಾಯಿಪಾಠ. ಆದರೆ ಶಹಾಬಾದಿನ ಕಲ್ಯಾಣಪ್ಪ ಸಾಹುಕಾರರ ಫರಸಿ ಪಾಲಿಶ್ ಯಾರ್ಡಿನಲ್ಲಿ ಕೂಲಿಯವರಂತೆ ದುಡಿಯುವುದು ಅದರಲ್ಲಿ ಐದು ಮಾತ್ರ.

ದುಡಿಯುವುದು ಎಂದದ್ದು ಅಲಂಕಾರಕ್ಕಲ್ಲ. ಫರಸಿ ಎಂದರೆ ನೆಲಕ್ಕೆ ಹಾಸುವ ಕಲ್ಲು. ಗಣಿಯಿಂದ ಬಂದ ಕಲ್ಲನ್ನು ಚೌಕಾಕಾರ ಕೊಯ್ದು, ಸಿಮೆಂಟಿನ ಕಟ್ಟೆಯ ಮೇಲೆ ಸಾಲಾಗಿ ಹಾಸುತ್ತಾರೆ. ಅದರ ಮೇಲೆ ಉದ್ದ ತೋಳಿನ ಮಷೀನು ಆಡುತ್ತದೆ. ತೋಳಿನ ತುದಿಗೆ ಗರಗರ ತಿರುಗುವ ತಟ್ಟೆ, ತಟ್ಟೆಯ ಅಡಿಗೆ ಕಲ್ಲನ್ನು ಉಜ್ಜುವ ಸಾಣೆಯ ತುಂಡು, ಇವರ ಮಾತಿನಲ್ಲಿ ಬತ್ತಿ. ಮೊದಲು ಒರಟು ಬತ್ತಿ, ಆಮೇಲೆ ನಡುವಿನದು, ಆಮೇಲೆ ನಯದ್ದು, ಕೊನೆಗೆ ಹೊಳಪಿನದು. ಯಾವ ಬತ್ತಿಯನ್ನು ಎಷ್ಟು ಹೊತ್ತು ಆಡಿಸಬೇಕು ಎಂಬುದೇ ಈ ಕೆಲಸದ ವಿದ್ಯೆ. ಕಡಿಮೆಯಾದರೆ ಕಲ್ಲು ಮಂಕು, ಹೆಚ್ಚಾದರೆ ಬತ್ತಿ ದಂಡ. ಗಡಿಯಾರ ನೋಡೋಣವೆಂದರೆ ಕೈ ತುಂಬ ರಾಡಿ, ಕಣ್ಣ ರೆಪ್ಪೆಯ ಮೇಲೂ ರಾಡಿ. ಮೊಬೈಲನ್ನು ಒದ್ದೆ ಕೈಯಲ್ಲಿ ಮುಟ್ಟುವ ಹಾಗಿಲ್ಲ. ಅದಕ್ಕೇ ಸಾಬಮ್ಮ ಬತ್ತಿಗೊಂದು ಹಾಡು ಗೊತ್ತು ಮಾಡಿದ್ದಳು.

ಒರಟು ಬತ್ತಿಗೆ ‘ಗಡಗಡಾ’. ಇದು ಲಾರಿಗಳ ಹಾಡು. ‘ಲಾರಿ ಬಂತು ಸರಿ ಅಂದ್ರಿ, ಸರದ ಸರದ ಗ್ವಾಡಿಗಿ ಹತ್ತೀನಿ, ಇನ್ನ ಸರಿಲಿಕ್ಕ ಜಾಗಿಲ್ಲ, ನೀವೇ ಸರೀರಿ ಅಂತೀನಿ’ ಎಂದು ಮಹೆವಿಶ ಶುರು ಮಾಡಿದರೆ ಕಲ್ಲಿನ ಮೇಲಿನ ಗಂಟುಗಳೂ ಹೆದರಿ ಉದುರುತ್ತಿದ್ದವು. ನಡುವಿನ ಬತ್ತಿಗೆ ‘ಕಾಗಿಣಾ’. ಮಳಖೇಡದ ಕೋಟೆಯ ಪಕ್ಕ ಹಾದು ದಂಡೋತಿಯ ಕಡೆ ಹರಿಯುವ ಹೊಳೆಯದು, ಹಾಡೂ ಹಾಗೇ, ಆತುರವಿಲ್ಲ. ನಯದ ಬತ್ತಿಗೆ ‘ವಾಡಿ ಜಂಕ್ಷನ್’: ‘ಎಲ್ಲಾ ರೈಲು ನಿಂದರತಾವ, ಯಾರೂ ಇಳಿಯಂಗಿಲ್ಲ, ಚಾ ಕುಡದು ಹೋಗೋರಿಗಿ ಊರ ಹೆಸರ ತಿಳಿಯಂಗಿಲ್ಲ.’ ಹೊಳಪಿನ ಬತ್ತಿಗೆ ‘ಬಿಳಿ ಬೂದಿ’. ಒಣಹಾಕಿದ ಸೀರೆಯ ಮೇಲೆ, ರೊಟ್ಟಿಯ ಮೇಲೆ, ಮಲಗಿದ ಕೂಸಿನ ರೆಪ್ಪೆಯ ಮೇಲೆ ಇಳಿಯುವ ಧೂಳಿನ ಹಾಡು ಅದು. ಅದು ಮುಗಿಯುವ ಹೊತ್ತಿಗೆ ಕಲ್ಲಿನಲ್ಲಿ ಮುಖ ಕಾಣಬೇಕು.

ನಾಲ್ಕು ಬತ್ತಿ, ನಾಲ್ಕು ಹಾಡು. ಹಾಗಾದರೆ ಐದನೆಯದು?

ಐದನೆಯದು ‘ಕುಂದ್ರಬೇ’. ಅದಕ್ಕೆ ಬತ್ತಿಯಿಲ್ಲ. ನಾಲ್ಕು ಸುತ್ತು ಕಲ್ಲು ಮುಗಿದ ಮೇಲೆ ಒಮ್ಮೆ ಆ ಹಾಡು ಬರುತ್ತಿತ್ತು, ದಿನಕ್ಕೆ ನಾಲ್ಕು ಸಲ. ಆಗ ನಾಲ್ಕೂ ಮಷೀನು ಬಂದ್. ಸಾಬಮ್ಮ, ಬಷೀರಾ, ಉಮಾದೇವಿ, ಲಕ್ಷ್ಮಿ ನಾಲ್ವರೂ ಗೋಡೆಗೆ ಬೆನ್ನು ಹಚ್ಚಿ ಕಾಲು ಚಾಚುತ್ತಿದ್ದರು, ಗುಟುಕು ನೀರು ಕುಡಿಯುತ್ತಿದ್ದರು. ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು.

‘ಕುಂದ್ರಬೇ ಯವ್ವಾ ಕುಂದ್ರ, ನೆಲ ಓಡಿ ಹೋಗಂಗಿಲ್ಲ,
ನಿಂತೇ ನಿಂತರ ಕಂಬ ಅಂತಾರ, ಮನಷ್ಯಾ ಅನ್ನಂಗಿಲ್ಲ.’

ಈ ಪದ್ಧತಿಗೆ ಯಾರ ಅಪ್ಪಣೆಯೂ ಇರಲಿಲ್ಲ. ಎಂಟು ತಿಂಗಳ ಕೆಳಗೆ, ಬಷೀರಾಳ ಅಣ್ಣನ ಬ್ಯಾಂಡಿನ ಹಳೆಯ ಸ್ಪೀಕರನ್ನು ಕಂಬಕ್ಕೆ ಕಟ್ಟಿದ ಮೊದಲ ವಾರ, ಆ ಹಾಡು ತಾನಾಗಿ ಬಂದಿತ್ತು. ಎರಡನೇ ಸಾಲಿಗೆ ಸಾಬಮ್ಮ ಮಷೀನು ಬಂದ್ ಮಾಡಿ ಕೂತುಬಿಟ್ಟಳು. ಹುಡುಗಿ ಅಷ್ಟು ಕರೆದು ಹೇಳುತ್ತಿರುವಾಗ ಕೂರದಿರುವುದು ಯಾವ ಮರ್ಯಾದೆ? ಮಿಕ್ಕವರೂ ಕೂತರು. ಮ್ಯಾನೇಜರ ಕಾಶೀನಾಥ ಓಡಿ ಬಂದು "ಯಾಕ್ರಮ್ಮಾ, ಏನಾತು?" ಎಂದು ಕೇಳಿದ್ದಕ್ಕೆ ಉಮಾದೇವಿ ಕಣ್ಣು ಮಿಟುಕಿಸದೆ ಹೇಳಿದಳು: "ಮೋಟಾರ ಬಿಸಿ ಆಗ್ಯದ್ರಿ. ತಣ್ಣಗ ಆಗಬೇಕು."

"ಹೌದ್ಹೌದು, ಮೋಟಾರ ಸುಡಬಾರದು" ಎಂದು ಕಾಶೀನಾಥ ಸಮಾಧಾನದಿಂದ ಹೋದ. ಈ ದೇಶದಲ್ಲಿ ಮೋಟಾರಿಗೆ ತಣ್ಣಗಾಗುವ ಹಕ್ಕಿದೆ. ಹೆಂಗಸರ ಸೊಂಟಕ್ಕೆ ಆ ಹಕ್ಕು ಬೇಕಾದರೆ ಮೋಟಾರಿನ ಹೆಸರು ಹೇಳಬೇಕು. ಎಂಟು ತಿಂಗಳು ಹೇಳಿದರು.

ಸಾಬಮ್ಮ ಮಹೆವಿಶಳನ್ನು ಮೊದಲು ಕೇಳಿದ್ದು ವಾಡಿಯಿಂದ ಶಹಾಬಾದಿಗೆ ಬರುವ ಪ್ಯಾಸೆಂಜರ್ ಗಾಡಿಯಲ್ಲಿ. ಎದುರಿನ ಸೀಟಿನವರ ಮೊಬೈಲಿನಿಂದ ಹೆಣ್ಣುದನಿಯೊಂದು ಉಸಿರು ಬಿಡದೆ ಬೈಯುತ್ತಿತ್ತು. "ಯಾರ್ರಿ ಈ ಹುಡುಗಿ? ನಮ್ಮ ಮಾತಿನ್ಯಾಗ ಜಗಳ ಮಾಡಾಕತ್ತಾಳಲ್ಲ!" ಎಂದು ಸಾಬಮ್ಮ ಎದ್ದೇ ನಿಂತಿದ್ದಳು. ಮನೆಯಲ್ಲಿ ಗಂಡ ಗೊಲ್ಲಾಳಪ್ಪ ಕುರಿಗಳಿಗೆ ಸೊಪ್ಪು ಹಾಕುತ್ತ "ಇದ್ಯಾವ ಹಾಡ? ಸಂತ್ಯಾಗಿನ ಜಗಳ ಇದ್ದಂಗದ" ಎಂದ. "ಜಗಳಕ್ಕ ತಾಳ ಕೂಡಿಸ್ಯಾಳ ನೋಡು. ನೀ ಮೂವತ್ತು ವರ್ಷ ಜಗಳಾ ಮಾಡೀದಿ, ಒಂದರೇ ತಾಳಕ್ಕ ಬಂದದೇನು?" ಎಂದು ಸಾಬಮ್ಮ ಬಾಯಿ ಮುಚ್ಚಿಸಿದಳು. ನಲವತ್ತೆಂಟರ ವಯಸ್ಸಿನಲ್ಲಿ ಆಕೆ ಅಭಿಮಾನಿಯಾದದ್ದು ಹೀಗೆ.

ಎಡವಟ್ಟಾದದ್ದು ಮೂರನೇ ಹಾಡಿನಿಂದ.

ಒಂದು ಸೋಮವಾರ ಮುಂಜಾನೆ ‘ವಾಡಿ ಜಂಕ್ಷನ್’ ಹೊಸ ರೂಪದಲ್ಲಿ ಬಂತು. ಮೊಬೈಲಿನ ಪಟ್ಟಿಯಲ್ಲಿ ಹಳೆಯದರ ಜಾಗದಲ್ಲಿ ಅದೇ ಕೂತಿತ್ತು. ಕಹಳೆ ಸೇರಿಸಿದ್ದಳು, ರೈಲಿನ ಸೀಟಿ ಸೇರಿಸಿದ್ದಳು. ಸಾಬಮ್ಮನಿಗೆ ಎಷ್ಟು ಹಿಗ್ಗೆಂದರೆ ಮಷೀನಿನ ತೋಳನ್ನು ಹಿಡಿದೇ ಎರಡು ಹೆಜ್ಜೆ ಕುಣಿದಳು. ಹಾಡು ಮುಗಿಯಿತು, ನಾಲ್ವರ ಕೈಗಳೂ ತಾವಾಗಿ ಬತ್ತಿ ಬದಲಿಸಿದವು. ನಾಲ್ಕು ನಿಮಿಷದ ಹಾಡು ಎರಡೂವರೆಗೆ ಇಳಿದಿದೆ ಎಂದು ಯಾರ ತಲೆಗೂ ಹೊಳೆಯಲಿಲ್ಲ. ಎಂಟು ತಿಂಗಳಲ್ಲಿ ಕೈಗಳು ತಲೆಯನ್ನು ಕೇಳುವುದನ್ನೇ ಬಿಟ್ಟಿದ್ದವು. ಮೂರು ದಿನದ ಮಾಲು ಹಾಗೇ ಹೋಯಿತು.

ಶುಕ್ರವಾರ ಸೇಡಂನಿಂದ ಲಾರಿ ವಾಪಸು ಬಂತು. ಅಲ್ಲಿನ ಹೊಸ ಮದುವೆ ಮಂಟಪದ ನೆಲಕ್ಕೆ ಹೋಗಿದ್ದ ಫರಸಿ. ನೀರು ಹಾಕಿದರೆ ಹೊಳೆಯುತ್ತದೆ, ಒಣಗಿದರೆ ನೆಗಡಿ ಬಂದವನ ಮುಖದಂತೆ ಮಂಕು. ಹಿಂದೆಯೇ ಕಲ್ಯಾಣಪ್ಪ ಸಾಹುಕಾರರೂ ಬಂದರು. ಹಣೆಯ ತುಂಬ ವಿಭೂತಿ, ಕಣ್ಣ ತುಂಬ ಕೆಂಡ.

"ಏನವಾ ಸಾಬಮ್ಮಾ, ಇದು ಪಾಲಿಶೋ, ಸಗಣಿ ಸಾರ್ಸಿದ್ದೋ?"

ಸಾಬಮ್ಮ ಕಲ್ಲಿನ ಮೇಲೆ ಅಂಗೈ ಆಡಿಸಿದಳು. ಮೂರನೇ ಬತ್ತಿ ಸಾಲದೆಂದು ಅಂಗೈ ಕೂಡಲೇ ಹೇಳಿತು. ಮೂರನೇ ಬತ್ತಿ ಎಂದರೆ ಮೂರನೇ ಹಾಡು. ಆಕೆ ಸುಳ್ಳು ಹೇಳಲಿಲ್ಲ. "ತಪ್ಪ ನಮ್ಮದೇ ಅದರಿ. ಹಾಡ ಸಣ್ಣದಾಗ್ಯದ, ನಮಗ ತಿಳೀಲಿಲ್ಲ. ಮತ್ತೊಮ್ಮೆ ಬತ್ತಿ ಹಚ್ಚಿ ಬರೋಬರ್ ಮಾಡಿ ಕೊಡ್ತೀವಿ."

"ಹಾಡ?" ಸಾಹುಕಾರರು ಸುತ್ತ ನೋಡಿದರು. ಸ್ಪೀಕರ್ ಕಂಡಿತು. ಅದೇ ಗಳಿಗೆಯಲ್ಲಿ ಸ್ಪೀಕರ್ ‘ಕುಂದ್ರಬೇ’ ಎಂದಿತು. ನಾಲ್ಕು ಸುತ್ತು ಮುಗಿದಿತ್ತು. ಲಕ್ಷ್ಮಿ ಅಭ್ಯಾಸಬಲದಿಂದ ಮಷೀನು ಬಂದ್ ಮಾಡಿ ಸಾಹುಕಾರರ ಎದುರೇ ಕಾಲು ಚಾಚಿ ಕೂತಳು.

"ಇದೇನಿದು?"

"ಮೋಟಾರ ತಣ್ಣಗ ಆಗಾಕರಿ…" ಎಂದು ಕಾಶೀನಾಥ ಮುಂದೆ ಬಂದ.

"ಮೋಟಾರಿಗಿ ಫ್ಯಾನ್ ಅದಲ್ಲೋ ಶಾಣ್ಯಾ! ಕಂಪನಿಯವ್ರೇ ಕೂಡಿಸಿ ಕಳಿಸ್ಯಾರ!" ಎಂದು ಸಾಹುಕಾರರು ಗುಡುಗಿದರು. "ತಗೀ ಆ ಡಬ್ಬಿ. ಇವತ್ತಿನಿಂದ ಹಾಡ ಇಲ್ಲ, ಗೀಡ ಇಲ್ಲ, ಕುಂದ್ರದೂ ಇಲ್ಲ. ಟೈಮಿಗಿ ಗಂಟಿ ಹೊಡಿ."

ಸ್ಪೀಕರ್ ಇಳಿಯಿತು. ನಾಲ್ಕು ಹಾಡು ಹೋದದ್ದಕ್ಕೆ ಸಾಬಮ್ಮನಿಗೆ ಬೇಸರವಾಯಿತು. ಐದನೆಯದು ಹೋದದ್ದಕ್ಕೆ ಸಿಟ್ಟು ಬಂತು. ಆ ಸಂಜೆ ಮನೆಗೆ ಹೋಗುವಾಗ ಬಷೀರಾ ನಡುವನ್ನು ಎರಡೂ ಕೈಯಿಂದ ಹಿಡಿದು ನಡೆಯುತ್ತಿದ್ದಳು. ಲಕ್ಷ್ಮಿ ಮುಂಜಾನೆಯಿಂದ ನೀರೇ ಕುಡಿದಿರಲಿಲ್ಲ.

"ಅಕ್ಕಾ, ಹಾಡ ಹೋದ್ರ ಹೋಗ್ಲಿ, ಆ ಕುಂದ್ರದು ಹೋಗಬಾರ್ದಿತ್ತು" ಎಂದಳು ಬಷೀರಾ.

"ಹೋಗಂಗಿಲ್ಲ" ಎಂದಳು ಸಾಬಮ್ಮ. "ಉಮಾ, ಆ ಹುಡುಗಿಗಿ ಮೆಸೇಜ್ ಹ್ಯಾಂಗ ಹಾಕ್ತಾರ ತೋರಸು."

ಉಮಾದೇವಿ ಮೊಬೈಲು ಹಿಡಿದಳು, ಸಾಬಮ್ಮ ಅದರೊಳಗೆ ದನಿ ಬಿಟ್ಟಳು. ಅಭಿಮಾನಿಗಳು ಕಲಾವಿದರ ಜೊತೆ ಹಾಗೆ ಮಾತಾಡುವುದಿಲ್ಲ. ಅತ್ತೆ ಸೊಸೆಯ ಜೊತೆ ಹಾಗೆ ಮಾತಾಡುತ್ತಾಳೆ. "ಏ ಮಹೆವಿಶ, ನಾ ಶಹಾಬಾದದ ಸಾಬಮ್ಮ. ನಮ್ಮನ್ನ ಒಂದ್ಮಾತ ಕೇಳದೇ ಹಾಡ ಯಾಕ ಕತ್ತರಿಸ್ದಿ? ನಿನ್ನ ಹಾಡಿನ ಲೆಕ್ಕದಾಗ ನಾವು ಕಲ್ಲು ತಿಕ್ತೀವಿ. ನೀ ಅಲ್ಲಿ ಕತ್ತರಿ ಹಾಕ್ದಿ, ಇಲ್ಲಿ ಸೇಡಂದಿಂದ ಲಾರಿ ವಾಪಸ್ ಬಂತು. ಕಹಳಿ ಮಾತ್ರ ಭಾಳ ಛಲೋ ಅದ."

ಮರುದಿನ ಊಟದ ಹೊತ್ತಿಗೆ ಉತ್ತರ ಬಂತು. ಮೊದಲು ಬರೀ ನಗು. ಆಮೇಲೆ ಮಾತು: "ಮೌಶೀ, ಮಾಫ್ ಮಾಡ್ರಿ! ರೀಲಿನ ಸಲುವಾಗಿ ಸಣ್ಣದು ಮಾಡೀನಿ, ಹಳೇದನ್ನ ಇವತ್ತೇ ವಾಪಸ್ ಹಾಕ್ತೀನಿ. ಖರೇನೇ ನನ್ನ ಹಾಡಿಗಿ ಕಲ್ಲು ತಿಕ್ತೀರೇನು? ಯಾವ್ಯಾವ ಹಾಡಿಗಿ?"

ಸಾಬಮ್ಮ ನಾಲ್ಕೂ ಹೇಳಿದಳು. ಐದನೆಯದರ ಹೆಸರನ್ನೂ ಹೇಳಿದಳು.

"‘ಕುಂದ್ರಬೇ’? ಅದನ್ನ ಯಾರೂ ಕೇಳಂಗಿಲ್ಲ ಮೌಶಿ. ಹತ್ತೊಂಬತ್ತರಾಗ ಎಲ್ಲಕ್ಕಿಂತ ಕಮ್ಮಿ ಮಂದಿ ನೋಡಿದ್ದು ಅದೇ. ನಮ್ಮ ಅಮ್ಮೀ ಜೈತುನ್ಬೀ ಕಲ್ಲಿನ ಯಾರ್ಡಿನ್ಯಾಗ ಬುಟ್ಟಿ ಹೊರ್ತಿದ್ಳು. ಅಕಿ ಸಲುವಾಗಿ ಬರದಿದ್ದೆ. ಅದಕ್ಕ ಏನು ತಿಕ್ತೀರಿ?"

"ಏನೂ ತಿಕ್ಕಂಗಿಲ್ಲವಾ. ಅದು ಬಂದ್ರ ಕುಂದರ್ತೀವಿ. ಈಗ ಸಾವಕಾರ್ರು ಅದನ್ನೇ ಕಸಗೊಂಡಾರ."

ಆ ಕಡೆಯಿಂದ ಒಂದು ಸಣ್ಣ ಮಾತು ಬಂತು: "ಮೌಶೀ, ಎಲ್ಲಾರೂ ಒಬ್ಬೊಬ್ರೇ ಹೇಳಿ ಕಳಸ್ರಿ, ಕುಂತಾಗ ಎಲ್ಲೆಲ್ಲಿ ನೋವಾಗ್ತದ ಅಂತ. ಮತ್ತ ಯಾರ್ಡಿನ ಸಪ್ಪಳಾನೂ ಕಳಸ್ರಿ." ಕಳಿಸಿದರು. ಕಾಶೀನಾಥನ ಗಂಟೆಯ ಸದ್ದನ್ನೂ ಕಳಿಸಿದರು.

ಗಂಟೆಯ ಕತೆ ಹೇಳಲೇಬೇಕು.

ಹಾಡಿದ್ದಾಗ ನಾಲ್ಕೂ ಮಷೀನು ಒಟ್ಟಿಗೆ ಶುರುವಾಗಿ ಒಟ್ಟಿಗೆ ಬತ್ತಿ ಬದಲಿಸುತ್ತಿದ್ದವು. ಹಾಡು ಹೋದ ಮೇಲೆ ಯಾರ ಕಲ್ಲು ಯಾವಾಗ ಕಟ್ಟೆಗೆ ಬೀಳುತ್ತದೋ ಆವಾಗ ಅವರು ಶುರು. ಬಷೀರಾ ಎರಡನೇ ಬತ್ತಿಯಲ್ಲಿದ್ದರೆ ಲಕ್ಷ್ಮಿ ಆಗ ತಾನೇ ಒರಟು ಹಚ್ಚುತ್ತಿದ್ದಳು. ಕಾಶೀನಾಥ ಒಂದು ಗಂಟೆ ಹೊಡೆದ. ನಾಲ್ವರೂ ಮಷೀನು ನಿಲ್ಲಿಸಿ ಅವನನ್ನೇ ನೋಡಿದರು.

"ಯಾರ ಗಂಟಿ ಇದು?" ಎಂದಳು ಸಾಬಮ್ಮ.

"ಬಷೀರಾಂದು."

"ನಂದೇನು? ನಾ ಈಗ ಬದಲಿ ಮಾಡೀನಲ್ರಿ" ಎಂದಳು ಬಷೀರಾ.

"ಹಂಗಾದ್ರ ಉಮಾದೇವೀದು."

"ನಂದು ಇನ್ನ ಎರಡು ನಿಮಿಷ ಅದರಿ. ಹೊಡದ ಗಂಟಿ ವಾಪಸ್ ತಗೋರಿ."

ಕಾಶೀನಾಥ ಹೊಸ ಕಾನೂನು ಮಾಡಿದ. ಸಾಬಮ್ಮನಿಗೆ ಒಂದು ಏಟು, ಬಷೀರಾಗೆ ಎರಡು, ಉಮಾದೇವಿಗೆ ಮೂರು, ಲಕ್ಷ್ಮಿಗೆ ನಾಲ್ಕು. ಕುರ್ಚಿ ಹಾಕಿಕೊಂಡು, ಎಡಗೈಯಲ್ಲಿ ಗಡಿಯಾರ, ಬಲಗೈಯಲ್ಲಿ ಸುತ್ತಿಗೆ ಹಿಡಿದು ಕೂತ. ಚಹಾ ಕುಡಿಯಲು ಎದ್ದರೆ "ಸಾಹೇಬ್ರ, ನಂದು ಟೈಮ್ ಆತಿಲ್ಲೋ?" ಎಂದು ಲಕ್ಷ್ಮಿ ಕೂಗುವಳು. ಒಂದಕ್ಕೆ ಹೋಗಲು ಎದ್ದರೆ ಬಷೀರಾ. ನಾಲ್ಕನೇ ಏಟು ಹೊಡೆಯುವಾಗ ಅವನೇ ಎಣಿಕೆ ತಪ್ಪಿ ಐದನೆಯದನ್ನೂ ಹೊಡೆದರೆ "ಐದನೇ ಮಷೀನು ಎಲ್ಲದರಿ?" ಎಂದು ಉಮಾದೇವಿ ಗಂಭೀರವಾಗಿ ಹುಡುಕುವಳು. ಹೆಂಗಸರು ಒಂದು ತಪ್ಪೂ ಮಾಡಲಿಲ್ಲ. ಗಂಟೆ ಬಾರದೆ ಬತ್ತಿ ತೆಗೆಯಲಿಲ್ಲ, ಗಂಟೆ ಬಂದ ಮೇಲೆ ಒಂದು ಸುತ್ತೂ ಹೆಚ್ಚು ಆಡಿಸಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುವುದಕ್ಕಿಂತ ದೊಡ್ಡ ಮುಷ್ಕರ ಇನ್ನೊಂದಿಲ್ಲ.

ಮೂರನೇ ದಿನ ಕಲ್ಯಾಣಪ್ಪನವರು ಬಂದಾಗ ಸೇಡಂ ಲಾರಿ ಅರ್ಧ ಖಾಲಿ ನಿಂತಿತ್ತು, ಡ್ರೈವರು ಅದರ ನೆರಳಲ್ಲಿ ಮಲಗಿದ್ದ. ಕಾಶೀನಾಥ ಸುತ್ತಿಗೆಯನ್ನು ಸಾಹುಕಾರರ ಕೈಗೇ ಕೊಟ್ಟ.

"ದೇವುಡಾ! ನಾ ಚಿಂಚೋಳಿಗಿ ಹೋಗ್ತೀನ್ರಿ, ನಮ್ಮಪ್ಪನ ಜೋಡಿ ಎಮ್ಮಿ ಕಾಯ್ತೀನಿ. ರಾತ್ರಿ ಮಲಗಿದ್ರ ನನ್ನ ಹೇಣ್ತಿ ಕೆಮ್ಮಿದ್ರೂ ಎಷ್ಟು ಏಟು ಅಂತ ಎಣಸಾಕತ್ತೀನಿ."

ಸಾಹುಕಾರರು ಸುತ್ತಿಗೆಯನ್ನು ನೋಡಿದರು, ಲಾರಿಯನ್ನು ನೋಡಿದರು. "ಆತು. ಹಾಡ ಹಚ್ಕೋರಿ. ಆದ್ರ ನಾಲ್ಕೇ. ಆ ಕುಂದ್ರೋ ಹಾಡ ಬಿಲ್ಕುಲ್ ಇಲ್ಲ."

"ಐದೂ ಒಂದೇ ಸರದಾಗಿನ ಮಣಿ ಅದಾವ್ರಿ" ಎಂದಳು ಸಾಬಮ್ಮ. "ಒಂದು ಜಗ್ಗಿದ್ರ ನಾಲ್ಕೂ ಉದುರ್ತಾವ. ಐದನೇದು ಇಲ್ಲಂದ್ರ ನಮಗ ಗಂಟೀನೇ ಇರ್ಲಿ. ಸಾಹೇಬ್ರು ಛಲೋ ಹೊಡೀತಾರ."

ಕಾಶೀನಾಥ ಎರಡು ಹೆಜ್ಜೆ ಹಿಂದೆ ಸರಿದ.

"ಕಾಯಕ ಅಂದ್ರ ಏನಂತ ಗೊತ್ತದೇನವಾ ನಿನಗ?" ಎಂದು ಸಾಹುಕಾರರು ವಿಭೂತಿ ಮುಟ್ಟಿಕೊಂಡರು. "ಮೈ ಮುರದು ದುಡದ್ರ ಅದೇ ಪೂಜಿ."

"ಗೊತ್ತದರಿ. ನಿಮ್ಮ ಮನ್ಯಾಗ ಕಾಯಕದ ಜೋಡಿ ದಾಸೋಹಾನೂ ಹೇಳ್ತಾರಲ್ರಿ. ನಾವು ಅನ್ನ ಕೇಳಾಕತ್ತಿಲ್ಲ. ನಾಲ್ಕು ನಿಮಿಷ ನೆಲ ಕೇಳಾಕತ್ತೀವಿ, ಕುಂದ್ರಾಕ. ಅದೂ ನಾವೇ ಪಾಲಿಶ್ ಮಾಡಿದ ನೆಲ."

ಲಾರಿಯ ನೆರಳಿನಿಂದ ಡ್ರೈವರ್ ಫಕ್ಕನೆ ನಕ್ಕ. ನಕ್ಕದ್ದು ಕೇಳಿದ ಮೇಲೆ ಸಾಹುಕಾರರಿಗೆ ವ್ಯವಹಾರ ಮುಗಿಸುವ ಅವಸರವಾಯಿತು.

"ಸರಿ. ಎಷ್ಟು ನಿಮಿಷ ಅದ ಆ ಹಾಡ?"

"ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡ್. ಐದು ನಿಮಿಷ ಅಂತ ಬರಕೊಡ್ರಿ" ಎಂದಳು ಉಮಾದೇವಿ.

ಬರೆಯುವ ಮಾತು ಬಂದಾಗ ಸಾಹುಕಾರರ ತಲೆಯಲ್ಲಿ ವ್ಯಾಪಾರಿಯ ದೀಪ ಹತ್ತಿತು. ಹಾಡು ಸಣ್ಣದಾಗಿ ಮಾಲು ವಾಪಸು ಬಂದದ್ದನ್ನು ಅವರು ಮರೆತಿರಲಿಲ್ಲ. ಈಗಿನ ಮಕ್ಕಳ ಹಾಡುಗಳು ದಿನದಿನಕ್ಕೆ ಗಿಡ್ಡವಾಗುತ್ತಿವೆ. ಇಂದು ನಾಲ್ಕಿದ್ದದ್ದು ನಾಳೆ ಎರಡಾಗುತ್ತದೆ, ನಾಡಿದ್ದು ಅರ್ಧ. ನಿಮಿಷ ಬರೆದುಕೊಟ್ಟರೆ ಐದು ನಿಮಿಷ ಕಾಯಂ ಹೋಯಿತು.

"ನಿಮಿಷ ಗಿಮಿಷ ಬರಿಯಂಗಿಲ್ಲ!" ಎಂದರು. "ಹಾಡ ಅಂದೀರಿ, ಹಾಡೇ ಬರೀತೀನಿ. ಹಾಡ ಎಷ್ಟಿರ್ತದೋ ಅಷ್ಟೇ. ಒಂದು ಸೆಕೆಂಡ್ ಕಮ್ಮಿ ಇಲ್ಲ, ಜಾಸ್ತೀನೂ ಇಲ್ಲ. ಕಬೂಲ್ ಏನು?"

ಉಮಾದೇವಿ ಬಾಯಿ ತೆರೆದಳು. ಸಾಬಮ್ಮ ಅವಳ ಕಾಲನ್ನು ಮೆಲ್ಲಗೆ ತುಳಿದು "ಕಬೂಲ್ ಅದರಿ" ಎಂದಳು.

ಸುಣ್ಣದಲ್ಲಿ ಬರೆದರೆ ಹೆಂಗಸರು ಅಳಿಸಿ ತಿದ್ದಿಯಾರು ಎಂದು ಸಾಹುಕಾರರು ಆಯಿಲ್ ಪೇಂಟೇ ತರಿಸಿದರು. ಕಾಶೀನಾಥನ ಅಕ್ಷರ ಚೆನ್ನ. ಅರ್ಧ ಗಂಟೆ ಕೂತು ಗೋಡೆಯ ಮೇಲೆ ಕೆಂಪಗೆ ಬರೆದ: ‘ನಾಲ್ಕು ಸುತ್ತಿನ ನಂತರ ಕುಂದ್ರಬೇ ಹಾಡು ಮುಗಿಯುವವರೆಗೆ ಮಷೀನು ಬಂದ್ ಇರತಕ್ಕದ್ದು. ಹಾಡು ಎಷ್ಟಿದ್ದರೆ ಅಷ್ಟೇ.’ ಕೆಳಗೆ ಕಲ್ಯಾಣಪ್ಪನವರು ತಮ್ಮ ಕೈಯಾರೆ ಸಹಿ ಎಳೆದರು. ಎರಡು ದಿನದಲ್ಲಿ ಸೇಡಂ ಲಾರಿ ತುಂಬಿತು. ಆ ಮಾಲಿನಲ್ಲಿ ಮುಖ ನೋಡಿಕೊಂಡು ಡ್ರೈವರು ಮೀಸೆ ತಿದ್ದಿಕೊಂಡು ಹೋದ.

ಎಂಟು ದಿನ ಕಳೆದು ಒಂದು ಮುಂಜಾನೆ ಸಾಹುಕಾರರು ಯಾರ್ಡಿನಲ್ಲೇ ಇದ್ದರು. ನಾಲ್ಕು ಸುತ್ತು ಮುಗಿಯಿತು. ಮಷೀನುಗಳು ನಿಂತವು, ಹೆಂಗಸರು ಕೂತರು. ಸಾಹುಕಾರರು ಗಡಿಯಾರ ನೋಡಿಕೊಂಡರು. ಹಾಡು ಶುರುವಾಯಿತು.

ಶುರುವಾದದ್ದು ಗಂಟೆಯಿಂದ. ಠಣ್. ಠಣ್ ಠಣ್. ಠಣ್ ಠಣ್ ಠಣ್.

"ಅರೆ! ಇದು ನನ್ನ ಗಂಟಿ!" ಎಂದು ಕಾಶೀನಾಥ ಕುರ್ಚಿಯಿಂದ ಎದ್ದ.

ಗಂಟೆಯ ಹಿಂದೆ ಮಷೀನಿನ ಗರಗರ ತಾಳವಾಗಿ ಬಂತು. ಆಮೇಲೆ ಒಂದೊಂದೇ ದನಿ. "ಸೊಂಟ" ಎಂದಿತು ಸಾಬಮ್ಮನ ದನಿ. "ಮೊಣಕಾಲ" ಎಂದಿತು ಬಷೀರಾಳದು. "ಬೆರಳ ಸಂದಿ." "ಕಣ್ಣ." ಪ್ರತಿ ದನಿಗೂ ಮಹೆವಿಶ ಒಂದೊಂದು ಚರಣ ಕಟ್ಟಿದ್ದಳು. ತನ್ನ ಅಮ್ಮೀಗೊಂದು ಚರಣ, ಚಿತ್ತಾಪುರದಲ್ಲಿ ತೊಗರಿ ಕೊಯ್ಯುವವರಿಗೊಂದು, ವಾಡಿಯ ಪ್ಲಾಟ್‌ಫಾರಂ ಗುಡಿಸುವವರಿಗೊಂದು. ನಡುನಡುವೆ ಅದೇ ಹಳೆಯ ‘ಕುಂದ್ರಬೇ ಯವ್ವಾ ಕುಂದ್ರ’.

‘ಮೋಟಾರ ಬಿಸಿ ಆದ್ರ ಬಂದ್ ಮಾಡ್ರಿ ಅಂತೀರಿ,
ಮನಷ್ಯಾರ ಬಿಸಿ ಆದ್ರ ಜ್ವರದ ಗುಳಿಗಿ ಕೊಡ್ತೀರಿ!’

ಲಕ್ಷ್ಮಿ ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತಿದ್ದಳು. ಬಷೀರಾ ತನ್ನ ದನಿ ಬಂದಾಗಲೆಲ್ಲ ಸಾಬಮ್ಮನ ತೊಡೆಗೆ ಹೊಡೆಯುತ್ತಿದ್ದಳು. ನಾಲ್ಕು ನಿಮಿಷ ದಾಟಿತು. ಸಾಹುಕಾರರು ಗಡಿಯಾರವನ್ನು ಕಿವಿಗೆ ಹಿಡಿದರು, ನಿಂತಿದೆಯೇನೋ ಎಂದು. ಆರು ದಾಟಿತು.

"ಸಾಬಮ್ಮಾ, ಇದ್ಯಾವ ಹಾಡವಾ?"

"‘ಕುಂದ್ರಬೇ’ನೇ ಅದರಿ. ಹೊಸಾದು ಹಾಕ್ಯಾಳ, ಹಳೇದನ್ನ ತಗದಾಳ."

"ಎಷ್ಟು ನಿಮಿಷ ಇದು?"

"ಹನ್ನೊಂದ್ರಿ" ಎಂದಳು ಉಮಾದೇವಿ. "ನಿಮಿಷ ಬರಿಯಂಗಿಲ್ಲ ಅಂದಿದ್ರಿ ನೀವು."

ಸಾಹುಕಾರರು ಗೋಡೆಯ ಕಡೆ ತಿರುಗಿದರು. ಕೆಂಪು ಅಕ್ಷರ ಬಿಸಿಲಿಗೆ ಇನ್ನಷ್ಟು ಕೆಂಪಗೆ ಕಾಣುತ್ತಿತ್ತು. ಹೆಬ್ಬೆರಳಿನಿಂದ ಒಮ್ಮೆ ಉಜ್ಜಿ ನೋಡಿದರು. ಛಲೋ ಕಂಪನಿಯ ಪೇಂಟು. ಅವರ ಸಹಿಯೂ ಅಷ್ಟೇ ಗಟ್ಟಿಯಾಗಿತ್ತು. ಅಷ್ಟರಲ್ಲಿ ಕಾಶೀನಾಥ ಮೊಬೈಲು ತೆಗೆದು ಚಿಂಚೋಳಿಯ ತಂದೆಗೆ ಫೋನು ಹಚ್ಚಿದ್ದ: "ಅಪ್ಪಾ, ಕೇಳಸ್ತದೇನು? ನನ್ನ ಗಂಟಿ! ಹಾಡಿನ್ಯಾಗ ಬಂದದ!"

ಬಿಸಿಲಲ್ಲಿ ನಿಂತು ಸಾಹುಕಾರರ ಕಾಲು ಸೋಲುತ್ತಿದ್ದವು. ಅವರಿಗೂ ಅರವತ್ತು ದಾಟಿತ್ತು. ಹಾಡು ಇನ್ನೊಮ್ಮೆ ಕೂರಲು ಕರೆಯಿತು. ಬಷೀರಾ ಸರಿದು ಪಕ್ಕದಲ್ಲಿ ಜಾಗ ಮಾಡಿದಳು, ಹೊಸದಾಗಿ ಹೊಳಪು ಕೊಟ್ಟ, ಇನ್ನೂ ತಂಪಾಗಿದ್ದ ಫರಸಿಯ ಮೇಲೆ. ಸಾಹುಕಾರರು ಧೋತರ ಎತ್ತಿ ಮೆಲ್ಲಗೆ ಕೂತರು. ಕೂತ ಕೂಡಲೇ ಬಾಯಿಂದ "ಆಹ್" ಎಂದು ಬಂದೇಬಿಟ್ಟಿತು.

"ಎಲ್ಲಿ ನೋವಾಗ್ತದರಿ ಸಾವಕಾರ್ರ?" ಎಂದು ಉಮಾದೇವಿ ಮೊಬೈಲು ಮುಂದೆ ಹಿಡಿದಳು.

"ತಗೀ ಅತ್ತಾಗ!" ಎಂದರು ಅವರು. ಆಮೇಲೆ ಕಾಲು ಚಾಚಿ, "ಇನ್ನ ಎಷ್ಟದವಾ ಇದು?" ಎಂದರು.

ಸಾಬಮ್ಮ ನೀರಿನ ತಂಬಿಗೆಯನ್ನು ಅವರ ಕಡೆ ಸರಿಸಿದಳು. "ಇನ್ನ ಮೂರು ಚರಣ ಅದಾವ್ರಿ. ನೀರ ಕುಡೀರಿ."